ಗ್ಯಾಸ್‌ಲೈಟು: ಅದರ ದುರಸ್ತಿ, ಆರೈಕೆ ಮತ್ತು ನಮ್ಮ ಆರೋಗ್ಯ

ಊರಿನ ಮನೆಯ ಅಟ್ಟದಿಂದಲೋ ದೇವಸ್ಥಾನದ ಉಗ್ರಾಣದಿಂದಲೋ ಇಳಿದು ಬಂದ ಹಿತ್ತಾಳೆಯ ಗ್ಯಾಸ್‌ಲೈಟು ನಗರವಾಸಿಗಳಾದ ನಮ್ಮಲ್ಲಿ ಹಲವರ ಮನೆಗಳಲ್ಲಿ ಇಂದಿಗೂ ಇದೆ. ಕೆಲವರು ಅದನ್ನು ಅಲಂಕಾರಕ್ಕಾಗಿ ಇರಿಸಿಕೊಂಡಿದ್ದರೆ, ಕೆಲವರು ಬಯಲಾಟದ ಸಂಜೆಗಾಗಿಯೋ ಗಣೇಶೋತ್ಸವಕ್ಕಾಗಿಯೋ ಹೊರತೆಗೆದು ಬೆಳಗಿಸಲು ಬಯಸುತ್ತಾರೆ. ಬಯಕೆಯೇನೋ ಸಹಜವಾದುದು. ಆದರೆ ಈ ದೀಪವು ಲಾಟೀನಿನಂತೆ ಬತ್ತಿ ಏರಿಸಿ ಕಡ್ಡಿ ಗೀರಿದರೆ ಉರಿಯುವಂಥದಲ್ಲ. ಒತ್ತಡ, ಉಷ್ಣ ಮತ್ತು ಗಾಳಿ ಈ ಮೂರೂ ಸರಿಯಾದ ಪ್ರಮಾಣದಲ್ಲಿ ಕೂಡಿದಾಗ ಮಾತ್ರ ಅದು ಬೆಳಗುತ್ತದೆ. ತಪ್ಪಿದರೆ ಉಕ್ಕುತ್ತದೆ, ಹೊಗೆಯಾಡುತ್ತದೆ, ಕೆಲವೊಮ್ಮೆ ಪ್ರಾಣಾಪಾಯವನ್ನೂ ತರುತ್ತದೆ. ಇದನ್ನು ರಿಪೇರಿ ಮಾಡುತ್ತಿದ್ದ ಪೇಟೆಯ ಕುಶಲಕರ್ಮಿಗಳು ಈಗ ವಿರಳರಾಗಿರುವುದರಿಂದ ದೀಪದ ಮಾಲಿಕನೇ ಅದರ ಮರ್ಮವನ್ನು ಅರಿತಿರುವುದು ಅವಶ್ಯವಾಗಿದೆ.

ಹೆಸರು ಮತ್ತು ಹಿನ್ನೆಲೆ

ನಮ್ಮ ಹಳ್ಳಿಗಳಲ್ಲಿ ಗ್ಯಾಸ್‌ಲೈಟು ಎಂದು ಕರೆಸಿಕೊಂಡರೂ ಇದರಲ್ಲಿ ಹೊರಗಿನಿಂದ ತುಂಬಿದ ಗ್ಯಾಸು ಇಲ್ಲ. ಸೀಮೆಎಣ್ಣೆಯೇ ದೀಪದೊಳಗೆ ಆವಿಯಾಗಿ ಉರಿಯುತ್ತದೆ. ಪೆಟ್ರೋಮ್ಯಾಕ್ಸ್ ಎಂಬುದು ಬರ್ಲಿನ್ನಿನ ಎಹ್ರಿಶ್ ಮತ್ತು ಗ್ರೇಟ್ಸ್ ಕಂಪೆನಿಯು 1910ರ ಸುಮಾರಿಗೆ ಬಳಕೆಗೆ ತಂದ ದೀಪದ ಹೆಸರು. ಪೆಟ್ರೋಲಿಯಂ ಎಂಬ ಪದಕ್ಕೆ ಕಂಪೆನಿಯ ಮ್ಯಾಕ್ಸ್ ಗ್ರೇಟ್ಸ್ ಅವರ ಹೆಸರನ್ನು ಜೋಡಿಸಿ ಅದನ್ನು ಮಾಡಿದರು. ಕಾಲಾನಂತರ ಯಾವ ಕಂಪೆನಿ ತಯಾರಿಸಿದ್ದರೂ ಇಂಥ ದೀಪಕ್ಕೆಲ್ಲ ನಮ್ಮಲ್ಲಿ ಅದೇ ಹೆಸರು ನಿಂತಿತು.

ದೀಪದ ಜೀವಾಳವಾದ ಮ್ಯಾಂಟಲ್ ಇದಕ್ಕಿಂತ ಹಳೆಯದು. ಆಸ್ಟ್ರಿಯದ ರಸಾಯನಶಾಸ್ತ್ರಜ್ಞ ಕಾರ್ಲ್ ಆಯರ್ ಫಾನ್ ವೆಲ್ಸ್‌ಬಾಖ್ 1885ರಲ್ಲಿ ಮ್ಯಾಂಟಲಿಗೆ ಪೇಟೆಂಟು ಪಡೆದರು. 1891ರ ಹೊತ್ತಿಗೆ 99 ಪಾಲು ಥೋರಿಯಂ ಆಕ್ಸೈಡಿಗೆ 1 ಪಾಲು ಸೀರಿಯಂ ಆಕ್ಸೈಡು ಬೆರೆಸಿದರೆ ಶುಭ್ರವಾದ ಬೆಳಕು ದೊರೆಯುವುದೆಂದು ಅವರು ಕಂಡುಕೊಂಡರು. ಈ ಥೋರಿಯಂಗೂ ದಕ್ಷಿಣ ಭಾರತಕ್ಕೂ ನಂಟುಂಟು. 1909ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಶೋಂಬರ್ಗ್ ಅವರು ಅಂದಿನ ತಿರುವಾಂಕೂರು ಸಂಸ್ಥಾನದ ಮಣವಾಳಕುರಿಚಿಯ ಕಡಲ ಮರಳಿನಲ್ಲಿ ಥೋರಿಯಂಯುಕ್ತ ಮೋನಜೈಟ್ ಖನಿಜವನ್ನು ಗುರುತಿಸಿದರು. ಆಗ ಆ ಮರಳನ್ನು ಹೊರನಾಡುಗಳಿಗೆ ಒಯ್ದುದು ಮುಖ್ಯವಾಗಿ ಮ್ಯಾಂಟಲುಗಳ ತಯಾರಿಕೆಗಾಗಿಯೇ.

ಕನ್ನಡ ನಾಡಿಗೆ ಈ ದೀಪ ಬಂದ ಮೇಲೆ ರಾತ್ರಿಯ ಬದುಕಿನ ರೂಪವೇ ಬದಲಾಯಿತು. ಅದುವರೆಗೆ ದೊಂದಿಯ ಬೆಳಕಿನಲ್ಲಿ ನಡೆಯುತ್ತಿದ್ದ ಕರಾವಳಿಯ ಯಕ್ಷಗಾನ ಬಯಲಾಟಗಳು ಗ್ಯಾಸ್‌ಲೈಟಿನಡಿ ನಡೆಯತೊಡಗಿದವು. ಮದುವೆಯ ದಿಬ್ಬಣ, ಜಾತ್ರೆಯ ಅಂಗಡಿ, ಊರ ನಾಟಕ ಎಲ್ಲಕ್ಕೂ ಅದರ ಭುಸ್ಸೆಂಬ ಸದ್ದು ಹಿನ್ನೆಲೆಯಾಯಿತು.

ದೀಪ ಉರಿಯುವ ಬಗೆ

ದೋಷವನ್ನು ಪತ್ತೆಹಚ್ಚಬೇಕಾದರೆ ಮೊದಲು ಎಣ್ಣೆಯು ಸಾಗುವ ದಾರಿಯನ್ನು ತಿಳಿಯಬೇಕು. ಕೆಳಗಿನ ಟ್ಯಾಂಕಿಯಲ್ಲಿ ಸೀಮೆಎಣ್ಣೆಯಿರುತ್ತದೆ. ಪಂಪಿನಿಂದ ತುಂಬಿದ ಗಾಳಿಯು ಎಣ್ಣೆಯನ್ನು ಒತ್ತಿ ನಡುವಿನ ಕೊಳವೆಯಲ್ಲಿ ಮೇಲಕ್ಕೇರಿಸುತ್ತದೆ. ಆ ಕೊಳವೆಯು ಉರಿಯ ಪಕ್ಕದಲ್ಲೇ ಹಾದುಹೋಗುವುದರಿಂದ ಕಾದಿರುತ್ತದೆ. ಎಣ್ಣೆ ಅಲ್ಲಿ ಆವಿಯಾಗುತ್ತದೆ. ಆವಿಯು ನಿಪ್ಪಲ್ ಎಂಬ ಚಿಕ್ಕ ಬಿಲ್ಲೆಯ ಕೂದಲೆಳೆಯಂಥ ರಂಧ್ರದಿಂದ ರಭಸವಾಗಿ ಚಿಮ್ಮಿ, ಸುತ್ತಲಿನ ಗಾಳಿಯನ್ನು ಎಳೆದುಕೊಂಡು ಮಿಶ್ರಣದ ಕೊಳವೆಯನ್ನು ಸೇರುತ್ತದೆ. ಅಲ್ಲಿಂದ ಇಳಿದು ಪಿಂಗಾಣಿಯ ಬಾಯಿಯ ಮೂಲಕ ಮ್ಯಾಂಟಲಿನಲ್ಲಿ ನೀಲಿ ಜ್ವಾಲೆಯಾಗಿ ಉರಿಯುತ್ತದೆ. ಆ ಜ್ವಾಲೆಗೆ ಬೆಳಕು ಸ್ವಲ್ಪವೇ. ಅದರ ಕಾವಿಗೆ ಕೆಂಡದಂತೆ ಬೆಳಗುವುದು ಮ್ಯಾಂಟಲ್.

ಹೀಗೆ ಉರಿಯೇ ಎಣ್ಣೆಯನ್ನು ಆವಿ ಮಾಡುತ್ತದೆ, ಆವಿಯೇ ಉರಿಯನ್ನು ಪೋಷಿಸುತ್ತದೆ. ಆರಂಭದಲ್ಲಿ ಈ ಉರಿಯಿಲ್ಲದಿರುವುದರಿಂದ ಸ್ಪಿರಿಟ್ ಸುಟ್ಟು ಕೊಳವೆಯನ್ನು ಕಾಯಿಸಬೇಕಾಗುತ್ತದೆ. ಎಣ್ಣೆ, ಒತ್ತಡ, ಕಾವು, ರಂಧ್ರ, ಗಾಳಿ, ಮ್ಯಾಂಟಲ್ ಇವು ಒಂದೇ ಸರಪಳಿಯ ಕೊಂಡಿಗಳು. ದೀಪ ಕೆಟ್ಟಿತೆಂದರೆ ಇವುಗಳಲ್ಲಿ ಯಾವುದೋ ಒಂದು ಕೊಂಡಿ ಸಡಿಲಿದೆ ಎಂದರ್ಥ. ಅದು ಯಾವುದೆಂದು ನೋಡದೆ, ಮಂಕಾದಾಗಲೆಲ್ಲ ಇನ್ನೂ ನಾಲ್ಕು ಪಂಪು ಹೊಡೆಯುವುದು ಸಾಮಾನ್ಯ ರೂಢಿ. ಪಂಪು ಎಲ್ಲ ರೋಗಕ್ಕೂ ಮದ್ದಲ್ಲ. ಬಹುತೇಕ ಅಪಘಾತಗಳ ಬೀಜವಿರುವುದು ಈ ಅವಸರದಲ್ಲಿಯೇ.

ಹೊತ್ತಿಸುವ ಮುನ್ನ ಪರೀಕ್ಷೆ

ಬಹುಕಾಲ ಮೂಲೆಯಲ್ಲಿದ್ದ ದೀಪವನ್ನು ಪರೀಕ್ಷಿಸದೆ ಎಂದಿಗೂ ಹೊತ್ತಿಸಬಾರದು. ಮೊದಲು ಹಳೆಯ ಎಣ್ಣೆಯನ್ನು ಪೂರ್ತಿ ಚೆಲ್ಲಿ, ಸ್ವಲ್ಪ ಶುದ್ಧ ಸೀಮೆಎಣ್ಣೆ ಹಾಕಿ ಕುಲುಕಿ ಕಸರನ್ನು ಹೊರತೆಗೆಯಬೇಕು. ಟ್ಯಾಂಕಿಯ ತಳವನ್ನೂ ಬೆಸುಗೆಯ ಅಂಚುಗಳನ್ನೂ ಹಗಲ ಬೆಳಕಿನಲ್ಲಿ ತಿರುಗಿಸಿ ನೋಡಬೇಕು. ತಳವು ಉಬ್ಬಿದ್ದರೆ, ಬಿರುಕಿದ್ದರೆ ಅಥವಾ ಹಿಂದೆ ಯಾರೋ ತೇಪೆ ಹಾಕಿದ್ದರೆ ಆ ದೀಪವು ನೋಟಕ್ಕೆ ಮಾತ್ರ ಇರಲಿ.

ಅನಂತರ ಶುದ್ಧ ಎಣ್ಣೆಯನ್ನು ಟ್ಯಾಂಕಿಯ ಮುಕ್ಕಾಲು ಪಾಲಿನಷ್ಟು ಹಾಕಿ, ಮುಚ್ಚಳವನ್ನೂ ಗಾಳಿ ಬಿಡುವ ತಿರುಪನ್ನೂ ಬಿಗಿದು, ದೀಪ ತಣ್ಣಗಿರುವಾಗಲೇ ಹತ್ತಾರು ಪಂಪು ಹೊಡೆಯಬೇಕು. ಸಾಬೂನಿನ ನೀರನ್ನು ಬಟ್ಟೆಯಿಂದ ಮುಚ್ಚಳದ ಸುತ್ತ, ಪಂಪಿನ ಬುಡ ಮತ್ತು ಕೊಳವೆಯ ಜೋಡಣೆಗಳಿಗೆ ಹಚ್ಚಿದರೆ ಸೋರುವೆಡೆ ಗುಳ್ಳೆಗಳು ಏಳುತ್ತವೆ. ಅರ್ಧ ಗಂಟೆಯ ತರುವಾಯವೂ ಗೇಜಿನ ಮುಳ್ಳು ಇಳಿಯದಿದ್ದರೆ ಟ್ಯಾಂಕಿ ಬಿಗಿಯಾಗಿದೆ ಎನ್ನಬಹುದು. ಮುಚ್ಚಳದ ರಬ್ಬರು ಒಣಗಿ ಬಿರಿದಿದ್ದರೆ ಸೀಮೆಎಣ್ಣೆಗೆ ಕರಗದ ಜಾತಿಯ ಹೊಸ ರಬ್ಬರನ್ನು ಹಾಕಬೇಕು. ಸೈಕಲ್ ಟ್ಯೂಬಿನ ತುಂಡು ಎಣ್ಣೆಯಲ್ಲಿ ಉಬ್ಬಿ ಮೆತ್ತಗಾಗುತ್ತದೆ.

ಹೊತ್ತಿಸುವ ಕ್ರಮ

ಇಲ್ಲಿ ಹೇಳುವ ಕ್ರಮವು ಸ್ಪಿರಿಟ್ ಬಟ್ಟಲು ಇರುವ ದೀಪಗಳಿಗೆ ಸಂಬಂಧಿಸಿದುದು. ದೀಪವನ್ನು ಹೊರಗೆ, ಗಾಳಿಯಾಡುವ ಜಾಗದಲ್ಲಿ, ಸಮತಟ್ಟಾದ ನೆಲದ ಮೇಲೆ ಇಡಬೇಕು. ನಿಯಂತ್ರಣದ ಚಕ್ರವು ಮುಚ್ಚಿದ್ದು, ಗಾಳಿ ಬಿಡುವ ತಿರುಪು ತೆರೆದಿರಲಿ. ಬಟ್ಟಲಿಗೆ ಸ್ಪಿರಿಟ್ ತುಂಬಿ, ಸ್ಪಿರಿಟ್ಟಿನ ಸೀಸೆಯನ್ನು ದೂರವಿರಿಸಿದ ಬಳಿಕವೇ ಕಡ್ಡಿ ಗೀರಬೇಕು. ಹಗಲಿನಲ್ಲಿ ಸ್ಪಿರಿಟ್ಟಿನ ಜ್ವಾಲೆ ಕಣ್ಣಿಗೆ ಕಾಣುವುದೇ ಇಲ್ಲ. ಆದುದರಿಂದ ಆರಿತೆಂದು ಭ್ರಮಿಸಿ ಮತ್ತೆ ಸುರಿಯುವುದು ಅತ್ಯಂತ ಅಪಾಯಕರ.

ಸ್ಪಿರಿಟ್ ಮುಗಿಯುತ್ತ ಬಂದಾಗ ತಿರುಪನ್ನು ಬಿಗಿದು, ಕೆಲವು ಪಂಪು ಹೊಡೆದು, ಚಕ್ರವನ್ನು ನಿಧಾನವಾಗಿ ತೆರೆಯಬೇಕು. ಕೊಳವೆ ಸಾಕಷ್ಟು ಕಾದಿದ್ದರೆ ಮ್ಯಾಂಟಲ್ ತಾನಾಗಿ ಬೆಳಗುತ್ತದೆ. ಬಳಿಕ ಗೇಜಿನ ಕೆಂಪು ಗುರುತಿನವರೆಗೆ ಪಂಪು ಮಾಡಿ ನಿಲ್ಲಿಸಬೇಕು. ದೀಪವನ್ನು ಆರಿಸಲು ಗಾಳಿಯ ತಿರುಪನ್ನು ಸಡಿಲಿಸಿದರೆ ಸಾಕು. ಹೊರಬರುವ ಗಾಳಿಯಲ್ಲಿ ಎಣ್ಣೆಯ ಆವಿ ಬೆರೆತಿರುವುದರಿಂದ ಹತ್ತಿರ ಬೇರೆ ಬೆಂಕಿ ಇರಕೂಡದು. ದೀಪ ಪೂರ್ಣ ತಣ್ಣಗಾಗದೆ ಮುಚ್ಚಳವನ್ನು ತೆರೆಯಬಾರದು, ಎಣ್ಣೆಯನ್ನು ಹಾಕಬಾರದು.

ದೋಷಗಳೂ ಪರಿಹಾರಗಳೂ

ಪಂಪು ಸಡಿಲಾಗಿ ಆಡುವುದು: ಪಂಪು ಒತ್ತಿದರೂ ಪ್ರತಿರೋಧವಿಲ್ಲದಿದ್ದರೆ ಒಳಗಿನ ಚರ್ಮದ ವಾಷರು ಒಣಗಿದೆಯೆಂದು ತಿಳಿಯಬೇಕು. ಅದನ್ನು ಹೊರತೆಗೆದು, ಎಣ್ಣೆಯಲ್ಲಿ ನೆನೆಸಿ, ಅಂಚನ್ನು ಬೆರಳಿನಿಂದ ಹೊರಕ್ಕೆ ಅರಳಿಸಿದರೆ ಮತ್ತೆ ಗಾಳಿಯನ್ನು ಹಿಡಿಯುತ್ತದೆ. ಹರಿದಿದ್ದರೆ ಬದಲಾಯಿಸಬೇಕು.

ಪಂಪಿನ ಹಿಡಿ ತಾನಾಗಿ ಮೇಲೇಳುವುದು: ಪಂಪಿನ ತಳದಲ್ಲಿ ಗಾಳಿಯನ್ನು ಒಳಗೆ ಬಿಟ್ಟು ಹಿಂದಕ್ಕೆ ಬಿಡದ ಪುಟ್ಟ ವಾಲ್ವು ಇದೆ. ಅದರ ರಬ್ಬರು ಸವೆದಾಗ ಅಥವಾ ಕಸ ಸಿಲುಕಿದಾಗ ಹಿಡಿ ಮೇಲೇಳುತ್ತದೆ, ಪಂಪಿನೊಳಗೆ ಎಣ್ಣೆ ತುಂಬುತ್ತದೆ. ಇಂಥ ದೀಪವನ್ನು ಉರಿಸದೆ, ಆ ವಾಲ್ವನ್ನು ಬಿಚ್ಚಿ ಶುದ್ಧಗೊಳಿಸಿ ಅಥವಾ ಬದಲಿಸಿ ಬಳಸಬೇಕು.

ಹಳದಿ ಜ್ವಾಲೆ ಉಕ್ಕುವುದು: ಇದು ಎಲ್ಲಕ್ಕಿಂತ ಭೀತಿ ಹುಟ್ಟಿಸುವ ದೋಷ. ಕೊಳವೆ ಸಾಕಷ್ಟು ಕಾಯದೆ ಎಣ್ಣೆಯು ದ್ರವವಾಗಿಯೇ ಮೇಲೇರಿದೆ ಎಂಬುದು ಇದರ ಸಾಮಾನ್ಯ ಅರ್ಥ. ಪಂಪು ಹೊಡೆದರೆ ಇನ್ನಷ್ಟು ಎಣ್ಣೆ ಹೊರಬಂದು ಉರಿ ಬೆಳೆಯುತ್ತದೆ. ಚಕ್ರವನ್ನು ಮುಚ್ಚಿ, ಕೈಗೆ ಉರಿ ತಾಗದಂತಿದ್ದರೆ ಗಾಳಿಯ ತಿರುಪನ್ನು ಸಡಿಲಿಸಿ, ದೂರ ನಿಲ್ಲಬೇಕು. ಪೂರ್ಣ ತಣ್ಣಗಾದ ಮೇಲೆ ಚೆಲ್ಲಿದ ಎಣ್ಣೆಯನ್ನು ಒರೆಸಿ, ಮತ್ತೆ ಮೊದಲಿನಿಂದ ಸ್ಪಿರಿಟ್ ಹಾಕಿ ಕಾಯಿಸಬೇಕು.

ಬೆಳಕು ಮಂಕಾಗುವುದು: ಮೊದಲು ಗೇಜನ್ನು ನೋಡಬೇಕು. ಒತ್ತಡ ಇಳಿದಿದ್ದರೆ ಮಾತ್ರ ಪಂಪು. ಒತ್ತಡ ಸರಿಯಿದ್ದರೆ ಚಕ್ರವನ್ನು ಒಂದು ಸುತ್ತು ತಿರುಗಿಸಬೇಕು. ಆಗ ಒಳಗಿನ ಪಿನ್ನು ನಿಪ್ಪಲಿನ ರಂಧ್ರವನ್ನು ಚುಚ್ಚಿ ಮಸಿಯನ್ನು ಕಳೆಯುತ್ತದೆ. ಹೊರಗಿನಿಂದ ಹೊಲಿಗೆಯ ಸೂಜಿಯನ್ನು ತೂರಿಸಬಾರದು. ರಂಧ್ರ ಕೊಂಚ ಹಿಗ್ಗಿದರೂ ಎಣ್ಣೆ ಹೆಚ್ಚಾಗಿ, ಗಾಳಿ ಸಾಲದೆ, ಮ್ಯಾಂಟಲ್ ಕಪ್ಪಾಗುತ್ತದೆ. ಆಗ ನಿಪ್ಪಲನ್ನೇ ಬದಲಾಯಿಸಬೇಕಾಗುತ್ತದೆ.

ಮ್ಯಾಂಟಲಿನ ಮೇಲೆ ಕಪ್ಪು ಕಲೆ: ಇದು ಗಾಳಿಯ ಕೊರತೆಯ ಕುರುಹು. ಬಳಸದೆ ಇಟ್ಟ ದೀಪದ ಗಾಳಿಯ ಕೊಳವೆಯಲ್ಲಿ ಜೇಡ ಬಲೆ ಕಟ್ಟಿರುತ್ತದೆ, ಕೆಲವೊಮ್ಮೆ ಕಣಜದ ಹುಳು ಮಣ್ಣಿನ ಗೂಡು ಮಾಡಿರುತ್ತದೆ. ಮೇಲಿನ ಟೋಪಿಯನ್ನು ತೆಗೆದು ಕೊಳವೆಯನ್ನು ಮೆತ್ತನೆಯ ಬ್ರಷ್ಷಿನಿಂದ ಶುಚಿ ಮಾಡಬೇಕು. ನಿಪ್ಪಲಿಗೂ ಮಿಶ್ರಣದ ಕೊಳವೆಯ ಬಾಯಿಗೂ ನಡುವಿನ ಅಂತರ ತಪ್ಪಿದರೂ ಹೀಗಾಗುತ್ತದೆ. ಕೆಲವು ದೀಪಗಳೊಂದಿಗೆ ಬರುವ ಪಾನಾದಲ್ಲೇ ಈ ಅಂತರವನ್ನು ಅಳೆಯುವ ಅನುಕೂಲವಿದೆ.

ಬೆಳಕು ಏರಿ ಇಳಿಯುವುದು: ದೀಪವು ಏದುಸಿರು ಬಿಡುವಂತೆ ಮಿನುಗಿದರೆ ಆವಿಯ ಕೊಳವೆಯಲ್ಲಿ ಇದ್ದಿಲಿನಂಥ ಕರಿ ಕಟ್ಟಿಕೊಂಡಿರಬಹುದು, ಇಲ್ಲವೆ ನಿಪ್ಪಲ್ ಸಡಿಲವಾಗಿರಬಹುದು. ನಿಪ್ಪಲನ್ನು ತಣ್ಣಗಿರುವಾಗ ಬಿಗಿದು ನೋಡಬೇಕು. ಅದರಿಂದ ಸರಿಹೋಗದಿದ್ದರೆ ಕೊಳವೆಯನ್ನು ಬದಲಿಸುವುದೇ ಮಾರ್ಗ.

ಮ್ಯಾಂಟಲ್ ತೂತಾಗುವುದು: ಒಮ್ಮೆ ಉರಿದ ಮ್ಯಾಂಟಲಿನಲ್ಲಿ ನೂಲು ಉಳಿದಿರುವುದಿಲ್ಲ. ಆಕ್ಸೈಡಿನ ಬೂದಿಯು ಬಲೆಯ ಆಕಾರದಲ್ಲಿ ನಿಂತಿರುತ್ತದೆಯಷ್ಟೆ. ತೂತು ಚಿಕ್ಕದೆಂದು ಅಲಕ್ಷಿಸಬಾರದು. ಅದರಿಂದ ಹೊರಟ ಜ್ವಾಲೆ ನೇರವಾಗಿ ಗಾಜಿಗೆ ತಾಗಿ ಗಾಜು ಒಡೆಯುತ್ತದೆ. ಕಾದ ಗಾಜಿಗೆ ಮಳೆಯ ಹನಿ ಬಿದ್ದರೂ ಅದೇ ಗತಿ.

ಎಣ್ಣೆಯ ವಿಚಾರ

ದೆಹಲಿಯನ್ನು 2014ರಲ್ಲಿ ಸೀಮೆಎಣ್ಣೆಮುಕ್ತ ನಗರವೆಂದು ಘೋಷಿಸಲಾಯಿತು. ಇತರ ಮಹಾನಗರಗಳಲ್ಲಿಯೂ ಒಳ್ಳೆಯ ಸೀಮೆಎಣ್ಣೆ ಸುಲಭವಾಗಿ ಸಿಗದು. ಎಣ್ಣೆ ಸಿಗಲಿಲ್ಲವೆಂದು ಪೆಟ್ರೋಲನ್ನೋ ಥಿನ್ನರನ್ನೋ ತುಂಬುವ ಅಥವಾ ಬೆರೆಸುವ ಯೋಚನೆ ಬಂದರೆ ಅದನ್ನು ಅಲ್ಲಿಯೇ ಬಿಡತಕ್ಕದ್ದು. ಸೀಮೆಎಣ್ಣೆಯು ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಬಿಡಬೇಕಾದರೆ ಕನಿಷ್ಠ 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕೆಂಬುದು ಭಾರತೀಯ ಮಾನಕದ ನಿಯಮ. ಪೆಟ್ರೋಲಾದರೋ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಅಂಥ ಆವಿಯನ್ನು ಬಿಡಬಲ್ಲದು. ಉರಿಯ ಕೆಳಗೇ ಕುಳಿತು ಬಿಸಿಯೇರುವ, ಒತ್ತಡ ತುಂಬಿದ ಟ್ಯಾಂಕಿಯಲ್ಲಿ ಪೆಟ್ರೋಲ್ ಇರಿಸುವುದೆಂದರೆ ಬಾಂಬನ್ನು ಇರಿಸಿದಂತೆಯೇ ಸರಿ. ತಂದ ಎಣ್ಣೆಯಿಂದ ಪೆಟ್ರೋಲಿನ ವಾಸನೆ ಬಂದರೆ, ದರವೆಷ್ಟೇ ತೆತ್ತಿದ್ದರೂ ಅದನ್ನು ದೀಪಕ್ಕೆ ಹಾಕಬಾರದು. ಒಳ್ಳೆಯ ಎಣ್ಣೆಯನ್ನೂ ಸಣ್ಣ ಜಾಲರಿಯಿರುವ ಆಲಿಕೆಯಲ್ಲಿ ಸೋಸಿಯೇ ತುಂಬಬೇಕು.

ಗಾಳಿಯ ಲೆಕ್ಕ

ಆರೋಗ್ಯದ ದೃಷ್ಟಿಯಿಂದ ಅತಿ ಮುಖ್ಯವಾದ ಸಂಗತಿ ಇನ್ನು ಮುಂದಿನದು. ದೊಡ್ಡ ಗ್ಯಾಸ್‌ಲೈಟು ಸುಮಾರು 1 ಲೀಟರ್ ಎಣ್ಣೆಯಿಂದ 8 ಗಂಟೆಯಷ್ಟು ಉರಿಯುತ್ತದೆ. ಅಷ್ಟು ಎಣ್ಣೆ ಉರಿಯಲು ಸುಮಾರು 2.7 ಕಿಲೋಗ್ರಾಂ ಆಮ್ಲಜನಕ ಬೇಕು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯ ಗಾಳಿಯಲ್ಲಿರುವ ಆಮ್ಲಜನಕವೇ ಸುಮಾರು 7.8 ಕಿಲೋಗ್ರಾಂ. ಅಂದರೆ ಗಾಳಿ ಒಳಹೊರಗೆ ಆಡದಂತೆ ಬಿಗಿಯಾಗಿ ಮುಚ್ಚಿದ ಕೋಣೆಯಲ್ಲಿ ಒಂದು ರಾತ್ರಿಯ ದೀಪವು ಮೂರನೆಯ ಒಂದು ಪಾಲಿನಷ್ಟು ಆಮ್ಲಜನಕವನ್ನು ಕಬಳಿಸಿ, ಸುಮಾರು 2.5 ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡನ್ನು ತುಂಬುವ ಲೆಕ್ಕವಾಗುತ್ತದೆ. ಜೊತೆಗೆ 1000 ವ್ಯಾಟಿನ ವಿದ್ಯುತ್ ಹೀಟರನ್ನೂ ಮೀರಿದ ಕಾವು. ಮುಂಬಯಿಯ ಚಾಳಿನ ಖೋಲಿಯಾಗಲಿ, ಏರ್‌ಕಂಡೀಷನರಿಗಾಗಿ ಕಿಟಕಿ ಬಿಗಿದ ಫ್ಲ್ಯಾಟಾಗಲಿ ಈ ದೀಪಕ್ಕೆ ತಕ್ಕ ಜಾಗವಲ್ಲ.

ಆಮ್ಲಜನಕ ಕಡಿಮೆಯಾದಂತೆ ಉರಿ ಅಪೂರ್ಣವಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಂಡು, ದೇಹಕ್ಕೆ ಆಮ್ಲಜನಕ ತಲಪದಂತೆ ಮಾಡುತ್ತದೆ. ಮೊದಲು ತಲೆನೋವು, ಬಳಿಕ ವಾಕರಿಕೆ, ತಲೆಸುತ್ತು, ಮಂಪರು. ನಿದ್ರಿಸುತ್ತಿರುವವರಿಗೆ ಈ ಎಚ್ಚರಿಕೆಗಳೂ ತಿಳಿಯುವುದಿಲ್ಲ. ದೀಪವಿರುವ ಕೋಣೆಯಲ್ಲಿ ಒಂದಕ್ಕಿಂತ ಹೆಚ್ಚು ಮಂದಿಗೆ ಏಕಕಾಲಕ್ಕೆ ತಲೆ ನೋಯತೊಡಗಿದರೆ ಎಲ್ಲರನ್ನೂ ತಕ್ಷಣ ಹೊರಗಿನ ಗಾಳಿಗೆ ಕರೆತಂದು ವೈದ್ಯರ ನೆರವು ಪಡೆಯಬೇಕು. ಗ್ಯಾಸ್‌ಲೈಟು ಉರಿಯುತ್ತಿರುವಾಗ ಯಾರೂ ಅದರ ಬಳಿ ಮಲಗಕೂಡದು. ಕರೆಂಟು ಹೋದ ರಾತ್ರಿ ಮನೆಯೊಳಗಿನ ಬೆಳಕಿಗೆ ಬ್ಯಾಟರಿಯ ಎಲ್.ಇ.ಡಿ. ದೀಪವೇ ಸಾಕು, ಗ್ಯಾಸ್‌ಲೈಟಿನ ಸ್ಥಾನ ಅಂಗಳ ಮತ್ತು ಬಯಲು.

ಮ್ಯಾಂಟಲಿನ ಧೂಳಿನ ಬಗೆಗೂ ಎಚ್ಚರ ಬೇಕು. ಥೋರಿಯಂ ವಿಕಿರಣ ಸೂಸುವ ಧಾತು. ಅದರ ಅರ್ಧಾಯುಷ್ಯ ಸುಮಾರು 1,400 ಕೋಟಿ ವರ್ಷಗಳು. ಅಮೆರಿಕದ ಕೋಲ್‌ಮನ್ ಕಂಪೆನಿಯು 1990ರ ದಶಕದಲ್ಲಿ ಥೋರಿಯಂ ಬದಲಿಗೆ ಯಿಟ್ರಿಯಂ ಬಳಸತೊಡಗಿತಾದರೂ ಹಳೆಯ ದಾಸ್ತಾನಿನ ಮ್ಯಾಂಟಲುಗಳಲ್ಲಿ ಥೋರಿಯಂ ಇದ್ದೇ ಇರುತ್ತದೆ. ದೂರದಲ್ಲಿ ಉರಿಯುವ ಮ್ಯಾಂಟಲಿನಿಂದ ಭಯಪಡಬೇಕಾದುದಿಲ್ಲ. ಆದರೆ ಅದರ ಬೂದಿ ಉಸಿರಿನೊಡನೆ ಅಥವಾ ಊಟದೊಡನೆ ದೇಹವನ್ನು ಸೇರಬಾರದು. ಒಡೆದ ಮ್ಯಾಂಟಲನ್ನು ಊದಿ ಹಾರಿಸದೆ, ಒದ್ದೆ ಕಾಗದದಿಂದ ಒತ್ತಿ ತೆಗೆದು, ಚೀಲದಲ್ಲಿ ಕಟ್ಟಿ ಎಸೆದು, ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ಹೊಸ ಮ್ಯಾಂಟಲಿನ ಮೊದಲ ಉರಿ ಹೊರಗೇ ಆಗಲಿ. ಮಕ್ಕಳ ಕೈಗೆ ಮ್ಯಾಂಟಲನ್ನು ಕೊಡಬಾರದು.

ಅಪಘಾತವಾದರೆ

ಎಣ್ಣೆ ಚೆಲ್ಲಿ ಉರಿ ಹತ್ತಿದರೆ ನೀರು ಸುರಿಯಬಾರದು. ನೀರಿನ ಮೇಲೆ ತೇಲಿ ಎಣ್ಣೆಯ ಉರಿ ಹರಡುತ್ತದೆ. ಒಂದು ಬಕೆಟ್ಟು ಒಣ ಮರಳನ್ನು ಮೊದಲೇ ಸಮೀಪದಲ್ಲಿ ಇಟ್ಟುಕೊಂಡಿರಬೇಕು. ದೀಪ ಹೊತ್ತಿಸುವವರು ನೈಲಾನ್ ಸೀರೆ, ಪಾಲಿಯೆಸ್ಟರ್ ಅಂಗಿಗಳನ್ನು ಉಡದೆ ಹತ್ತಿಯ ಬಟ್ಟೆಯನ್ನು ಮೈಗಂಟಿದಂತೆ ಉಡುವುದು ಕ್ಷೇಮ. ಸುಟ್ಟ ಗಾಯದ ಮೇಲೆ ಶಾಯಿ, ಬೆಣ್ಣೆ, ಟೂತ್‌ಪೇಸ್ಟ್ ಹಚ್ಚದೆ, ಹರಿಯುವ ತಣ್ಣೀರನ್ನು 20 ನಿಮಿಷ ಬಿಡಬೇಕು. ಊತ ಬರುವ ಮುನ್ನ ಬಳೆ, ಉಂಗುರಗಳನ್ನು ತೆಗೆಯಬೇಕು. ಅನಂತರ ಆಸ್ಪತ್ರೆಗೆ ಒಯ್ಯಬೇಕು. ಮಗು ಸೀಮೆಎಣ್ಣೆ ಕುಡಿದರೆ ವಾಂತಿ ಮಾಡಿಸಬಾರದು. ವಾಂತಿಯ ವೇಳೆ ಎಣ್ಣೆ ಶ್ವಾಸಕೋಶವನ್ನು ಸೇರುವುದೇ ಕುಡಿದುದಕ್ಕಿಂತ ದೊಡ್ಡ ಗಂಡಾಂತರ. ಆದಷ್ಟು ಬೇಗ ವೈದ್ಯರಲ್ಲಿಗೆ ಕರೆದೊಯ್ಯಬೇಕು. ದೀಪದ ಸ್ಪಿರಿಟ್ಟೂ ವಿಷವೇ. ಎಣ್ಣೆಯನ್ನಾಗಲಿ ಸ್ಪಿರಿಟ್ಟನ್ನಾಗಲಿ ನೀರಿನ ಅಥವಾ ಶರಬತ್ತಿನ ಬಾಟಲಿಯಲ್ಲಿ ಎಂದಿಗೂ ತುಂಬಿಡಬಾರದು.

ಕಾಪಿಡುವ ಬಗೆ

ಕಾರ್ಯಕ್ರಮ ಮುಗಿದು ದೀಪ ತಣಿದ ಮೇಲೆ ಎಣ್ಣೆಯನ್ನು ಪೂರ್ತಿ ತೆಗೆದು, ಗಾಳಿಯ ತಿರುಪನ್ನು ಸಡಿಲಿಸಿ, ಬಟ್ಟೆ ಮುಚ್ಚಿ ಇಡಬೇಕು. ಪಂಪಿನ ಚರ್ಮಕ್ಕೆ ಎರಡು ಹನಿ ಎಣ್ಣೆ ಬಿಟ್ಟಿರಬೇಕು. ಹಿತ್ತಾಳೆಯನ್ನು ಹುಣಸೆಹುಳಿಯಿಂದ ಉಜ್ಜುವುದಾದರೆ ಹುಳಿಯು ಒಂದಿಷ್ಟೂ ಉಳಿಯದಂತೆ ತೊಳೆದು ಒಣಗಿಸಬೇಕು. ಅಮೋನಿಯ ಬೆರೆತ ಪಾಲಿಷುಗಳು ಬೇಡ. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯದ ಹಿತ್ತಾಳೆಯ ತೋಟಾಗಳನ್ನು ಮಳೆಗಾಲದಲ್ಲಿ ಕುದುರೆ ಲಾಯಗಳ ಬಳಿ ಇಟ್ಟಾಗ ಅವು ತಾವಾಗಿ ಬಿರಿಯುತ್ತಿದ್ದವು. ಲಾಯದ ಗಾಳಿಯಲ್ಲಿದ್ದ ಅಮೋನಿಯವೇ ಅದಕ್ಕೆ ಕಾರಣವೆಂದು ಮುಂದೆ ತಿಳಿದುಬಂದಿತು. ಊರಿನ ಮನೆಯ ಕೊಟ್ಟಿಗೆಯ ಅಟ್ಟದಲ್ಲಿ ದೀಪವನ್ನು ಇರಿಸಿರುವವರು ಅದನ್ನು ಬೇರೆಡೆಗೆ ಸಾಗಿಸುವುದು ಒಳ್ಳೆಯದು. ಅಲ್ಲಿಂದ ತಂದ ದೀಪದ ಟ್ಯಾಂಕಿಯನ್ನು ವಿಶೇಷವಾಗಿ ಪರೀಕ್ಷಿಸಬೇಕು.

ಕೊನೆಯದಾಗಿ ಒಂದು ಸೂಚನೆ. ದೀಪದ ಹಿಡಿಗೆ ಒಂದು ರಟ್ಟಿನ ಚೀಟಿಯನ್ನು ಕಟ್ಟಿ, ವಾಷರು ಬದಲಿಸಿದ ದಿನ, ಸೋರಿಕೆ ಪರೀಕ್ಷಿಸಿದ ದಿನ, ಎಣ್ಣೆ ತೆಗೆದ ದಿನ ಇವನ್ನು ಬರೆದಿಡಬೇಕು. ಪರೀಕ್ಷೆಯಲ್ಲಿ ಸೋತ ದೀಪವಾದರೆ ‘ಉರಿಸಬಾರದು’ ಎಂದು ದಪ್ಪ ಅಕ್ಷರಗಳಲ್ಲಿ ಬರೆಯಲು ಸಂಕೋಚ ಬೇಡ. ಹಿರಿಯರು ಉಳಿಸಿ ಕೊಟ್ಟ ದೀಪವು ನಮ್ಮ ಮಕ್ಕಳ ಕೈ ಸೇರುವಾಗ ಅದರೊಡನೆ ಅದರ ಗುಣದೋಷಗಳ ಅರಿವೂ ಸೇರಬೇಕಾದುದು ನ್ಯಾಯ.